ನೂರು ಮೊಟ್ಟೆಗೆ ಎಷ್ಟು ಗೂಡು ಅಂತ ಕೇಳಿ

ಪ್ರಶ್ನೆ: ನಾನು ಶಿಡ್ಲಘಟ್ಟದ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಮದುವೆಯಾಗಿ ಏಳು ವರ್ಷ ನಮಗೆ ಮಕ್ಕಳಾಗಿರಲಿಲ್ಲ. ಬೆಂಗಳೂರಿನ ಒಂದು ಸೆಂಟರಿನಲ್ಲಿ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಮಾಡಿಸಿದೆವು, ಮೊದಲ ಸಲಕ್ಕೇ ಮಗಳು ಹುಟ್ಟಿದಳು. ಈಗ ಅವಳಿಗೆ ಎರಡು ವರ್ಷ. ಊರಲ್ಲಿ ಯಾರಿಗೆ ಮಕ್ಕಳಾಗದಿದ್ದರೂ ನನ್ನನ್ನೇ ಕೇಳುತ್ತಾರೆ. ನಾನು ಅದೇ ಸೆಂಟರಿನ ಹೆಸರು ಹೇಳುತ್ತೇನೆ. ಇಲ್ಲಿವರೆಗೆ ಒಂಬತ್ತು ದಂಪತಿಗಳನ್ನು ಕಳಿಸಿದ್ದೇನೆ, ಮೂವರು ಸಿಹಿ ತಂದು ಕೊಟ್ಟಿದ್ದಾರೆ. ಹೋದ ತಿಂಗಳು ಅಲ್ಲಿನ ಕೋಆರ್ಡಿನೇಟರ್ ಬಂದಿದ್ದರು. ಇನ್ನು ಮೇಲೆ ಕಳಿಸುವ ಪ್ರತಿ ದಂಪತಿಗೆ ಹತ್ತು ಸಾವಿರ ಕೊಡುತ್ತಾರಂತೆ. ಕಮಿಷನ್ ಅಲ್ಲ, ಅವೇರ್‌ನೆಸ್ ಕೆಲಸದ ಗೌರವಧನ ಅಂದರು. ಫ್ಲೆಕ್ಸಿಗೆ ಮಗಳ ಫೋಟೋನೂ ಕೇಳಿದರು. ಹೇಗೂ ಅದೇ ಹೆಸರು ಹೇಳುತ್ತಿದ್ದೆ, ಒಳ್ಳೇ ಆಸ್ಪತ್ರೆಯೇ. ದುಡ್ಡು ತಗೊಂಡರೆ ತಪ್ಪಾ? ಬೇಕಿದ್ದರೆ ಅದನ್ನು ಪೇಷಂಟಿಗೇ ಕೊಟ್ಟುಬಿಡುತ್ತೇನೆ. ಸೋಮವಾರ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು ಕೇಳೋಕೆ ಬರುತ್ತಿದ್ದಾಳೆ. 28 ವರ್ಷ, ಮದುವೆಯಾಗಿ ಎರಡು ವರ್ಷ. ಅವಳಿಗೆ ಏನು ಹೇಳಲಿ?

ಉತ್ತರ: ತಗೋಬೇಡಿ.

ಇದು ನಿಮ್ಮ ಪ್ರಶ್ನೆಯಲ್ಲಿ ಸುಲಭದ ಭಾಗ, ಅದಕ್ಕೇ ಮೊದಲು ಹೇಳಿಬಿಟ್ಟೆ. ಕೋಆರ್ಡಿನೇಟರ್ ಬರುವ ಮೊದಲೇ, ಒಂದು ಪೈಸೆ ಮುಟ್ಟದೆ, ನೀವು ಒಂಬತ್ತು ಮನೆಯವರಿಗೆ ಒಂದೇ ಹೆಸರು ಹೇಳಿದಿರಲ್ಲ, ನನಗೆ ಅದರ ಬಗ್ಗೆ ಜಾಸ್ತಿ ಮಾತಾಡಬೇಕಿದೆ. ಬೈಯೋಕಲ್ಲ. ಸ್ತ್ರೀರೋಗ ವೈದ್ಯೆಯಾಗಿ ಇದೇ ಜಿಲ್ಲೆಯಲ್ಲಿ ನಾನೂ ಹನ್ನೊಂದು ವರ್ಷ ಅದನ್ನೇ ಮಾಡಿದವಳು.

ಮೊದಲು ದುಡ್ಡಿನ ವಿಷಯ ಮುಗಿಸೋಣ. ವೈದ್ಯರ ನಡವಳಿಕೆಗೆ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮಗಳಿವೆ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್, ಉಡುಗೊರೆ, ಬೋನಸ್ ಯಾವುದನ್ನೂ ಡಾಕ್ಟರು ಕೊಡುವಂತಿಲ್ಲ, ಕೇಳುವಂತಿಲ್ಲ, ತಗೊಳ್ಳುವಂತಿಲ್ಲ. 2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ಅದನ್ನು ತಡೆಹಿಡಿದರು, ಹಾಗಾಗಿ ಹಳೆಯದೇ ಮುಂದುವರಿಯಿತು. ನೀವು ನರ್ಸ್, ಈ ನಿಯಮ ನಿಮಗಲ್ಲ ಅಂತ ಕೋಆರ್ಡಿನೇಟರ್ ಹೇಳಬಹುದು. ನಿಜವೇ. ಆದರೆ 'ಕೊಡುವಂತಿಲ್ಲ' ಅನ್ನುವ ಮಾತು ಅವರ ಡಾಕ್ಟರಿಗೆ ತಗಲುತ್ತದೆ. ಅದಕ್ಕೇ ಡಾಕ್ಟರು ಬರುವುದಿಲ್ಲ, ಕೋಆರ್ಡಿನೇಟರ್ ಬರುತ್ತಾರೆ. ಅದಕ್ಕೇ ಕಮಿಷನ್ನಿಗೆ ಗೌರವಧನ ಅಂತ ನಾಮಕರಣ.

ಚಿಂತಾಮಣಿ ಮಂಡಿಗೆ ಟೊಮೆಟೊ ಹಾಕುವ ರೈತನಿಗೆ ದಲ್ಲಾಳಿ ಯಾರು ಅಂತ ಗೊತ್ತಿರುತ್ತದೆ. ಅವನ ಮಾತಿನಲ್ಲಿ ಎಷ್ಟು ನಂಬಬೇಕು, ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕಿಕೊಂಡೇ ಹೋಗುತ್ತಾನೆ. ನಿಮ್ಮ ಹತ್ತಿರ ಬರುವವರಿಗೆ ನೀವು ದಲ್ಲಾಳಿ ಅಲ್ಲ, ಅಕ್ಕ. ಅಕ್ಕನ ಮಾತಿಗೆ ಯಾರೂ ಲೆಕ್ಕ ಹಾಕುವುದಿಲ್ಲ. ಕೋಆರ್ಡಿನೇಟರ್ ಹತ್ತು ಸಾವಿರಕ್ಕೆ ಕೊಳ್ಳೋಕೆ ಬಂದಿರುವುದು ಅದನ್ನೇ.

ದುಡ್ಡನ್ನು ಪೇಷಂಟಿಗೇ ಕೊಡುತ್ತೇನೆ ಅಂದಿರಿ. ಒಳ್ಳೇ ಮನಸ್ಸು. ಹಾಗಾದರೆ ಕೋಆರ್ಡಿನೇಟರಿಗೆ ಫೋನ್ ಮಾಡಿ ಹೀಗೆ ಕೇಳಿ ನೋಡಿ: "ಆ ಹತ್ತು ಸಾವಿರ ನನಗೆ ಬೇಡ, ಅವರ ಬಿಲ್ಲಿನಲ್ಲೇ ಕಡಿಮೆ ಮಾಡಿ, ರಸೀದಿಯಲ್ಲಿ ಬರೆದುಕೊಡಿ." ಒಪ್ಪಿದರೆ ಒಳ್ಳೆಯದೇ ಆಯಿತು. ಒಪ್ಪದಿದ್ದರೆ ಆ ದುಡ್ಡು ಯಾತಕ್ಕೆ ಇತ್ತು ಅಂತ ನಿಮಗೇ ಗೊತ್ತಾಗುತ್ತದೆ. ಹೇಗಿದ್ದರೂ ಅದು ಬರುವುದು ಪೇಷಂಟಿನ ಬಿಲ್ಲಿನಿಂದಲೇ, ಆಕಾಶದಿಂದ ಉದುರುವುದಿಲ್ಲ ಅಲ್ವಾ?

ಇನ್ನೊಂದು ಮಾತು, ಇದು ಎಚ್ಚರಿಕೆ. ಇಂಥ ಕೋಆರ್ಡಿನೇಟರುಗಳು ಪರಿಚಯ ಗಟ್ಟಿಯಾದ ಮೇಲೆ ಕೆಲವೊಮ್ಮೆ ಇನ್ನೊಂದು ಕೆಲಸ ಹೇಳುತ್ತಾರೆ. "ಅಂಡಾಣು ಕೊಡುವ ಹುಡುಗಿಯರು ಯಾರಾದರೂ ಇದ್ದರೆ ಹೇಳಿ, ಅವರಿಗೂ ದುಡ್ಡು, ನಿಮಗೂ ದುಡ್ಡು." ಅಲ್ಲಿಗೆ ಮಾತು ಬಂದರೆ ಎದ್ದು ಹೊರಗೆ ಕಳಿಸಿ. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಇರುವ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಮಧ್ಯವರ್ತಿಗಳ ಮೂಲಕ ದಾನಿಗಳನ್ನು ಹುಡುಕುವುದು, ದುಡ್ಡು ಕೊಟ್ಟು ಕೊಳ್ಳುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಐದರಿಂದ ಹತ್ತು ಲಕ್ಷ ದಂಡ, ಮತ್ತೆ ಸಿಕ್ಕಿಬಿದ್ದರೆ ಜೈಲು. ಅಂಡಾಣು ಕೊಡುವವಳಿಗೆ 23ರಿಂದ 35 ವರ್ಷ ಆಗಿರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಜಾಸ್ತಿ ಅಂಡಾಣು ತೆಗೆಯುವಂತಿಲ್ಲ. ದಾನಿಗಳನ್ನು ಹುಡುಕುವ ಕೆಲಸಕ್ಕೆ ನೋಂದಾಯಿತ ಎಆರ್‌ಟಿ ಬ್ಯಾಂಕ್ ಇದೆ. ಶಿಡ್ಲಘಟ್ಟದ ಸ್ಟಾಫ್ ನರ್ಸ್ ಬೇಕಿಲ್ಲ.

ಸರಿ, ಈಗ ಆ ಒಂಬತ್ತು ಮನೆ.

ನನ್ನ ಕಥೆ ಹೇಳುತ್ತೇನೆ. ನನ್ನ ಜೊತೆ ಓದಿದವರೊಬ್ಬರು ಬೆಂಗಳೂರಿನಲ್ಲಿ ಸೆಂಟರ್ ನಡೆಸುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ನನ್ನ ಹತ್ತಿರ ಬರುತ್ತಿದ್ದವರನ್ನೆಲ್ಲ ಅಲ್ಲಿಗೇ ಕಳಿಸುತ್ತಿದ್ದೆ. ದುಡ್ಡು ತಗೊಳ್ಳಲಿಲ್ಲ. ಒಂದು ದೀಪಾವಳಿಗೆ ಗೋಡಂಬಿ ದ್ರಾಕ್ಷಿಯ ಡಬ್ಬ ಬಂತು. ಕೆಂಪು ಕಾಗದದ ಡಬ್ಬ, ಒಳಗೆ ನಾಲ್ಕು ಗುಳಿ, ಗುಳಿಯ ತಟ್ಟೆ ಎತ್ತಿದರೆ ಕೆಳಗೆ ಕವರ್. ಕವರ್ ವಾಪಸ್ ಕಳಿಸಿದೆ. ಗೋಡಂಬಿ ತಿಂದೆ. ನಾನು ಶುದ್ಧ ಅಂತ ನನಗೆ ಖಾತ್ರಿಯಾಗಿತ್ತು. ಕಳಿಸಿದ ಪ್ರತಿ ಪೇಷಂಟಿಗೂ ಅವರು ಚೆಂದದ ಪತ್ರ ಬರೆಯುತ್ತಿದ್ದರು, ಫೋನ್ ಮಾಡಿದರೆ ಎರಡನೇ ರಿಂಗಿಗೆ ಎತ್ತುತ್ತಿದ್ದರು. ಇದಕ್ಕಿಂತ ಒಳ್ಳೇ ಸೆಂಟರ್ ಇದೆಯಾ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಎರಡನೇ ರಿಂಗಿಗೆ ಫೋನ್ ಎತ್ತುವುದಕ್ಕೂ ಮಗು ಹುಟ್ಟುವುದಕ್ಕೂ ಏನು ಸಂಬಂಧ?

ಒಂದು ದಿನ ಹೂವಿನ ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ಮುಖ ತಿರುಗಿಸಿದಳು. ಗುರುತು ಸಿಕ್ಕಿತು, ನಾನೇ ಕರೆದು ಮಾತಾಡಿಸಿದೆ. ನಾಲ್ಕು ವರ್ಷದ ಹಿಂದೆ ನಾನು ಕಳಿಸಿದ್ದವಳು. ಮೂರು ಸಲ ಮಾಡಿಸಿದ್ದಾಳೆ, ಮೂರೂ ಕೈಕೊಟ್ಟಿವೆ. ಅರ್ಧ ಎಕರೆ ಹಿಪ್ಪುನೇರಳೆ ತೋಟ ಹೋಗಿದೆ. ಯಾಕಮ್ಮ ಒಂದು ಸಲವೂ ಬಂದು ಹೇಳಲಿಲ್ಲ ಅಂದೆ. "ನೀವು ಅಷ್ಟು ನಂಬಿಕೆಯಿಂದ ಕಳಿಸಿದ್ರಿ ಮೇಡಂ, ಆಗಲಿಲ್ಲ ಅಂತ ಹೇಗೆ ಬಂದು ಹೇಳಲಿ" ಅಂದಳು. ಅವಳಿಗೇ ನಾಚಿಕೆ!

ಆ ರಾತ್ರಿ ಕೂತು ನೆನಪಿದ್ದ ಹೆಸರುಗಳನ್ನೆಲ್ಲ ಬರೆದೆ. ಇಪ್ಪತ್ತಾರು ಬಂತು. ಫೋನಿಗೆ ಸಿಕ್ಕವರು ಹದಿನೇಳು ಜನ. ಮಗು ಇದ್ದದ್ದು ಐದು ಮನೆಯಲ್ಲಿ. ಹಿಂದಿನ ದಿನ ಯಾರಾದರೂ ಕೇಳಿದ್ದರೆ, "ಅರ್ಧಕ್ಕಿಂತ ಜಾಸ್ತಿ ಆಗುತ್ತೆ" ಅಂತ ಎದೆ ತಟ್ಟಿ ಹೇಳುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ಮಗು ಆದವರು ಸಿಹಿ ಹಿಡಿದು ಬರುತ್ತಾರೆ, ಆಗದವರು ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಾರೆ. ನನ್ನ ಕಣ್ಣಿಗೆ ಬಿದ್ದಿದ್ದು ಬರೀ ಸಿಹಿ ಡಬ್ಬ. ಆ ಸೆಂಟರ್ ಕೆಟ್ಟದ್ದು ಅಂತಲೂ ಇದರಿಂದ ಹೇಳೋಕಾಗಲ್ಲ. ನಾನು ಕಳಿಸಿದವರಲ್ಲಿ ಸುಮಾರು ಜನ ನಲವತ್ತರ ಹತ್ತಿರ ಇದ್ದವರು, ಎಲ್ಲಿ ಹೋಗಿದ್ದರೂ ಕಷ್ಟವೇ. ಒಳ್ಳೆಯದಾ ಕೆಟ್ಟದ್ದಾ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿರುವ ಹಾಗೆ ಮಾತಾಡುತ್ತಿದ್ದೆ.

ನಿಮ್ಮ ಒಂಬತ್ತರಲ್ಲಿ ಮೂವರು ಸಿಹಿ ಕೊಟ್ಟರು. ಉಳಿದ ಆರು ಮನೆಯಲ್ಲಿ ಏನಾಯಿತು? ನಿಮ್ಮ ಪತ್ರದಲ್ಲಿ ಆ ಆರು ಮನೆಯ ಬಗ್ಗೆ ಒಂದು ಸಾಲೂ ಇಲ್ಲ.

ಗೌರಿಬಿದನೂರಿನ ಕಡೆ ಹೋದರೆ ವಿದುರಾಶ್ವತ್ಥ ಇದೆಯಲ್ಲ, ಅಶ್ವತ್ಥದ ಕಟ್ಟೆ ಸುತ್ತ ಸಾಲು ಸಾಲು ನಾಗರಕಲ್ಲು, ಸಾವಿರಗಟ್ಟಲೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ನಿಲ್ಲಿಸಿದ್ದು ಎಷ್ಟೋ. ನಮ್ಮಮ್ಮನೂ ನನ್ನ ಅಕ್ಕನಿಗಾಗಿ ಒಂದು ನಿಲ್ಲಿಸಿದ್ದರು, ನಾನು ಅದನ್ನು ಹಂಗಿಸುವುದಿಲ್ಲ. ಆದರೆ ಒಂದು ಗಮನಿಸಿದ್ದೀರಾ? ಕಲ್ಲನ್ನು ಎಣಿಸಬಹುದು. ಯಾವ ಕಲ್ಲಿನ ಮನೆಯಲ್ಲಿ ತೊಟ್ಟಿಲು ತೂಗಿತು ಅಂತ ಎಣಿಸಿದವರಿಲ್ಲ. ಐವಿಎಫ್ ಸೆಂಟರಿನ ಗೋಡೆ ಮೇಲೆ ಸಾಲಾಗಿ ಮಕ್ಕಳ ಫೋಟೋ ಹಾಕಿರುತ್ತಾರಲ್ಲ, ಅಲ್ಲಿ ಇದು ಉಲ್ಟಾ. ಹುಟ್ಟಿದ ಮಕ್ಕಳನ್ನು ಎಣಿಸಬಹುದು, ಬರಿಗೈಲಿ ಹೋದವರನ್ನು ಎಣಿಸೋಕಾಗಲ್ಲ. ನಿಮ್ಮ ಮಗಳ ಫೋಟೋ ಕೇಳಿದ್ದು ಆ ಗೋಡೆಗೇ. ದಯವಿಟ್ಟು ಕೊಡಬೇಡಿ. ಅವಳು ಬೆಳೆದು ಶಾಲೆಗೆ ಹೋಗುವಾಗ, ತಾನು ಹೇಗೆ ಹುಟ್ಟಿದೆ ಅಂತ ಯಾರಿಗೆ ಹೇಳಬೇಕು, ಹೇಳಬಾರದು ಅನ್ನುವುದು ಅವಳ ಇಷ್ಟ. ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಮೊದಲೇ ಹೇಳಿಬಿಡಬಾರದು.

ಈಗ ಸಕ್ಸಸ್ ರೇಟ್. "ನಮ್ಮಲ್ಲಿ 70 ಪರ್ಸೆಂಟ್ ಸಕ್ಸಸ್" ಅಂತ ಕೋಆರ್ಡಿನೇಟರ್ ಹೇಳಿರುತ್ತಾರೆ, ನೀವೂ ಆ ಒಂಬತ್ತು ಮನೆಗೆ ದಾಟಿಸಿರುತ್ತೀರಿ. ನೀವು ಶಿಡ್ಲಘಟ್ಟದವರು, ನಿಮಗೆ ಇದನ್ನು ವಿವರಿಸುವುದು ಬಹಳ ಸುಲಭ. ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಹುಳು ಮೇಯಿಸುವವರು ಸಿಕ್ಕರೆ ಏನು ಕೇಳುತ್ತಾರೆ? "ನೂರು ಮೊಟ್ಟೆಗೆ ಎಷ್ಟು ಬಂತು?" (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು.) ಎಪ್ಪತ್ತು ಕೆಜಿ ಗೂಡು ಅಂದರೆ ಪರವಾಗಿಲ್ಲ ಅಂತ ಅರ್ಥ. ಲೆಕ್ಕ ಶುರುವಾಗುವುದು ತಂದ ಮೊಟ್ಟೆಯಿಂದ. ಚಾಕಿಯಲ್ಲಿ, ಅಂದರೆ ಮರಿಹುಳುವಿದ್ದಾಗಲೇ, ಸತ್ತದ್ದು, ಮೂರನೇ ಜ್ವರದಲ್ಲಿ (ಪೊರೆ ಬಿಡುವಾಗ) ಉಳಿಯದ್ದು, ಸುಣ್ಣಕಟ್ಟು ರೋಗ ಬಂದು ಎಸೆದದ್ದು, ಎಲ್ಲವೂ ಆ ಲೆಕ್ಕದಲ್ಲಿ ಬಂದುಬಿಡುತ್ತದೆ. "ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಹುಳದಲ್ಲಿ ನೂರಕ್ಕೆ ತೊಂಬತ್ತು ಗೂಡು ಕಟ್ಟಿತು" ಅಂತ ಯಾರಾದರೂ ಕೊಚ್ಚಿಕೊಂಡರೆ ಟೀ ಅಂಗಡಿಯಲ್ಲಿ ನಗುತ್ತಾರೆ. ಚಂದ್ರಿಕೆವರೆಗೆ ಬಂದದ್ದು ಎಷ್ಟಪ್ಪಾ?

ಐವಿಎಫ್ ಕೂಡ ಹಾಗೇ. ಇಂಜೆಕ್ಷನ್ ಶುರು ಮಾಡಿದವರಲ್ಲಿ ಕೆಲವರಿಗೆ ಅಂಡಾಣು ಬೆಳೆಯುವುದಿಲ್ಲ. ತೆಗೆದ ಅಂಡಾಣು ಎಲ್ಲವೂ ಭ್ರೂಣ ಆಗುವುದಿಲ್ಲ. ಭ್ರೂಣ ಒಳಗೆ ಬಿಟ್ಟವರಲ್ಲಿ ಕೆಲವರಿಗಷ್ಟೇ ಎರಡು ವಾರದ ನಂತರ ಬೀಟಾ ಎಚ್‌ಸಿಜಿ (ಗರ್ಭ ನಿಂತಿದೆಯಾ ಅಂತ ನೋಡುವ ರಕ್ತಪರೀಕ್ಷೆ) ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದವರಲ್ಲೂ ಕೆಲವರಿಗೆ ಸ್ಕ್ಯಾನಿನಲ್ಲಿ ಎದೆಬಡಿತ ಕಾಣುವುದಿಲ್ಲ, ಕೆಲವರಿಗೆ ಆಮೇಲೆ ಗರ್ಭಪಾತ ಆಗುತ್ತದೆ. ಸುಮ್ನೆ ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ನೂರು ಜನ ಇಂಜೆಕ್ಷನ್ ಶುರು ಮಾಡಿದರು, ಎಂಬತ್ತು ಜನಕ್ಕೆ ಭ್ರೂಣ ಬಿಟ್ಟರು, ನಲವತ್ತು ಜನಕ್ಕೆ ಪಾಸಿಟಿವ್ ಬಂತು, ಇಪ್ಪತ್ತೆಂಟು ಮನೆಗೆ ಮಗು ಬಂತು. ಬೋರ್ಡಿನಲ್ಲಿ "50 ಪರ್ಸೆಂಟ್" ಅಂತ ಬರೆಯಬಹುದು, ಎಂಬತ್ತರಲ್ಲಿ ನಲವತ್ತು. ಸುಳ್ಳಲ್ಲ. ಆದರೆ ನಿಮ್ಮ ಹತ್ತಿರ ಬಂದವಳು ಕೇಳುತ್ತಿರುವುದು ನೂರರಲ್ಲಿ ಇಪ್ಪತ್ತೆಂಟರ ಲೆಕ್ಕ. ಹಾಗಾಗಿ ಯಾವ ಸೆಂಟರಿಗೆ ಹೋದರೂ ಅವಳು ಕೇಳಬೇಕಾದ ಪ್ರಶ್ನೆ ಇಷ್ಟು: "ನನ್ನ ವಯಸ್ಸಿನವರು ನೂರು ಜನ ಇಂಜೆಕ್ಷನ್ ಶುರು ಮಾಡಿದರೆ ಎಷ್ಟು ಜನ ಮಗು ಎತ್ತಿಕೊಂಡು ಮನೆಗೆ ಹೋಗುತ್ತಾರೆ?"

'ನನ್ನ ವಯಸ್ಸಿನವರು' ಅನ್ನುವುದನ್ನು ಮರೆಯಬಾರದು. ಬ್ರಿಟನ್ನಿನಲ್ಲಿ ಐವಿಎಫ್ ಕ್ಲಿನಿಕ್ಕುಗಳ ಮೇಲೆ ನಿಗಾ ಇಡುವ ಎಚ್‌ಎಫ್‌ಇಎ ಅನ್ನುವ ಸಂಸ್ಥೆ 1991ರಿಂದ ಈ ಲೆಕ್ಕ ಇಡುತ್ತಿದೆ, ಒಂದೊಂದು ಕ್ಲಿನಿಕ್ಕಿನ ಫಲಿತಾಂಶವನ್ನೂ ಜನ ನೋಡಬಹುದು. ಅಲ್ಲಿನ ಇತ್ತೀಚಿನ ಲೆಕ್ಕದಲ್ಲಿ 35 ದಾಟದವರಿಗೆ ಒಂದು ಭ್ರೂಣ ಬಿಟ್ಟರೆ ಮಗು ಹುಟ್ಟುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ. 43–44ರವರಿಗೆ ಇಪ್ಪತ್ತರಲ್ಲಿ ಒಂದು ಸಲದ ಆಸುಪಾಸು. ಅದೇ ಡಾಕ್ಟರು, ಅದೇ ಲ್ಯಾಬು. ಚಿಕ್ಕ ವಯಸ್ಸಿನವರನ್ನೇ ಆರಿಸಿ ತಗೊಳ್ಳುವ ಸೆಂಟರಿನ ನಂಬರ್ ಚೆನ್ನಾಗಿರುತ್ತದೆ, ಕಷ್ಟದ ಕೇಸನ್ನೂ ಕೈಬಿಡದ ಸೆಂಟರಿನ ನಂಬರ್ ಕೆಳಗಿರುತ್ತದೆ. "ಆಗದಿದ್ದರೆ ದುಡ್ಡು ವಾಪಸ್" ಪ್ಯಾಕೇಜುಗಳ ಗುಟ್ಟೂ ಬಹುಪಾಲು ಇದೇ, ಯಾರಿಗೆ ಹೇಗೂ ಆಗುತ್ತದೋ ಅವರನ್ನು ಸೇರಿಸಿಕೊಳ್ಳುವುದು. ನಮ್ಮಲ್ಲಿ ಜನ ಹೋಲಿಸಿ ನೋಡುವ ಹಾಗೆ ಕ್ಲಿನಿಕ್‌ವಾರು ಫಲಿತಾಂಶ ಪ್ರಕಟವಾಗುವುದಿಲ್ಲ. ಆದ್ದರಿಂದ "ಇದೇ ಬೆಸ್ಟು" ಅಂತ ಹೇಳುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ.

ಹಾಗಂತ ಬಾಯಿ ಮುಚ್ಚಿಕೊಂಡು ಇರಿ ಅಂತ ಹೇಳುತ್ತಿಲ್ಲ. ನೀವು ಸುಮ್ಮನಾದರೆ ಆ ಹುಡುಗಿ ಭಾನುವಾರ ಕಲ್ಯಾಣ ಮಂಟಪದಲ್ಲಿ ನಡೆಯುವ ಉಚಿತ ಶಿಬಿರಕ್ಕೆ ಹೋಗುತ್ತಾಳೆ. ಅಲ್ಲಿ ಎಎಂಎಚ್ ರಕ್ತಪರೀಕ್ಷೆ ಉಚಿತ. ವರದಿ ಕಡಿಮೆ ಬಂದರೆ "ಮೊಟ್ಟೆ ಖಾಲಿ ಆಗ್ತಾ ಇದೆ, ತಡ ಮಾಡಬೇಡಿ" ಅಂತಾರೆ. ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಅಂತ ಅಂದಾಜು ಮಾಡೋಕೆ ಎಎಂಎಚ್ ಒಳ್ಳೆಯದು. ತಾನಾಗಿ ಗರ್ಭ ನಿಲ್ಲುತ್ತದಾ ಇಲ್ವಾ ಅಂತ ಅದು ಹೇಳುವುದಿಲ್ಲ. ಈ ಒಂದು ಕಾಗದ ಹಿಡಿದು ಅತ್ತುಕೊಂಡು ಬಂದ 26–27ರ ಹುಡುಗಿಯರನ್ನು ನಾನು ಎಷ್ಟೋ ನೋಡಿದ್ದೇನೆ. ಅದರಲ್ಲಿ ಕೆಲವರು ಮುಂದಿನ ತಿಂಗಳೇ ಮುಟ್ಟು ನಿಂತು ವಾಪಸ್ ಬಂದಿದ್ದಾರೆ.

ಬಿಲ್ಲಿನ ಮೇಲೆ ಬಿಲ್ಲು ಏರಿಸುವ ಎಕ್ಸ್‌ಟ್ರಾಗಳ ಬಗ್ಗೆಯೂ ಒಂದು ಮಾತು. ಗರ್ಭಕೋಶದ ಒಳಪೊರೆಯನ್ನು ಸ್ವಲ್ಪ ಕೆರೆದರೆ ಭ್ರೂಣ ಚೆನ್ನಾಗಿ ಕಚ್ಚಿಕೊಳ್ಳುತ್ತದೆ ಅಂತ ಒಂದು ಕಾಲದಲ್ಲಿ ಎಲ್ಲ ಕಡೆ ಮಾಡುತ್ತಿದ್ದರು, ನಾನೂ ನಂಬಿದ್ದೆ. 2019ರಲ್ಲಿ 1,364 ಹೆಂಗಸರ ಮೇಲೆ ನಡೆಸಿದ ದೊಡ್ಡ ಅಧ್ಯಯನ ಬಂತು. ಕೆರೆದವರಿಗೂ ಕೆರೆಯದವರಿಗೂ ವ್ಯತ್ಯಾಸ ಇರಲಿಲ್ಲ. ಇನ್ನೂ ಮಾಡುವ ಕಡೆ ಮಾಡುತ್ತಿದ್ದಾರೆ. ಪ್ಯಾಕೇಜ್ ದರದ ಮೇಲೆ ಏನೇ ಸೇರಿಸಿದರೂ, "ಇದನ್ನು ಮಾಡದಿದ್ದರೆ ಏನಾಗುತ್ತೆ?" ಅಂತ ಕೇಳೋಕೆ ಹೇಳಿಕೊಡಿ. ನುಂಗಿ ನುಂಗಿ ಮಾತಾಡಿದರೆ ಅದು ಬೇಕಿಲ್ಲ ಅಂತ ಅರ್ಥ.

ಇನ್ನು ನಮ್ಮ ತಲೆಯಲ್ಲೇ ಕೂತಿರುವ ಒಲವುಗಳು. ಇವನ್ನು ದುಡ್ಡು ಕೊಟ್ಟು ಯಾರೂ ತುಂಬಿದ್ದಲ್ಲ, ಅದಕ್ಕೇ ಕಾಣಿಸುವುದಿಲ್ಲ. "ನಮ್ಮ ಕಡೆಯ ಡಾಕ್ಟರು" ಅಂತ ಜಾತಿ ನೋಡಿ ಹೆಸರು ಹೇಳುವುದು. ಸೀರೆ ನೋಡಿ, ಚಪ್ಪಲಿ ನೋಡಿ, "ಇವರಿಗೆಲ್ಲಿ ಆಗುತ್ತೆ ಎರಡು ಲಕ್ಷ" ಅಂತ ನಾವೇ ತೀರ್ಮಾನ ಮಾಡಿ ಐವಿಎಫ್ ವಿಷಯವನ್ನೇ ಎತ್ತದಿರುವುದು. ಗಂಡ ಸತ್ತ, ಅಥವಾ ಮದುವೆಯೇ ಆಗದ ಹೆಂಗಸು ಕೇಳಿದರೆ ಮುಖ ಸಿಂಡರಿಸುವುದು. 21 ದಾಟಿದ ಒಂಟಿ ಹೆಂಗಸಿಗೂ ಕಾಯ್ದೆ ಅವಕಾಶ ಕೊಟ್ಟಿದೆ, 50ರವರೆಗೆ. ನಮ್ಮ ಮುಖ ಅದನ್ನು ಕಿತ್ತುಕೊಳ್ಳಬಾರದು.

ಎಲ್ಲಕ್ಕಿಂತ ದೊಡ್ಡ ಒಲವು ಗಂಡಸರ ಕಡೆಗೆ. ಮದುವೆಯಾಗಿ ಮೂರು ತಿಂಗಳಿಗೇ "ಏನಾದ್ರೂ ವಿಶೇಷಾನಾ?" ಅಂತ ಕೇಳಿಸಿಕೊಳ್ಳುವುದು ಯಾರು? ಹುಡುಗಿ. ಬಾಗೇಪಲ್ಲಿ ಕಡೆಯಿಂದ ಒಂದು ಜೋಡಿ ಬಂದಿತ್ತು. ಸೀರೆ ಅಂಗಡಿಯ ದಪ್ಪ ಕವರಿನ ತುಂಬ ವರದಿಗಳು. ನಾಲ್ಕು ವರ್ಷದ್ದು. ಒಂದೊಂದೇ ಟೇಬಲ್ ಮೇಲೆ ಹರಡಿದೆ. ಅವಳ ಸ್ಕ್ಯಾನ್ ಹನ್ನೊಂದು, ಗರ್ಭನಾಳದ ಟ್ಯೂಬ್ ಪರೀಕ್ಷೆ ಎರಡು ಸಲ, ಹೊಟ್ಟೆಗೆ ಸಣ್ಣ ತೂತು ಹಾಕಿ ಒಳಗೆ ನೋಡುವ ಲ್ಯಾಪರೊಸ್ಕೋಪಿ ಒಂದು ಸಲ, ಥೈರಾಯ್ಡ್ ಲೆಕ್ಕವೇ ಇಲ್ಲ. ಕವರ್ ತಲೆಕೆಳಗೆ ಮಾಡಿ ಕೊಡವಿದೆ. ಗಂಡನ ಹೆಸರಿನ ಒಂದು ಚೀಟಿಯೂ ಬೀಳಲಿಲ್ಲ. ಅವನು ಬಾಗಿಲ ಹತ್ತಿರ ನಿಂತು ಫೋನ್ ನೋಡುತ್ತಿದ್ದ. ಅವಳನ್ನು ಕಳಿಸಿದ್ದವರು ನೇರ ಐವಿಎಫ್ ಸೆಂಟರಿಗೆ ಚೀಟಿ ಬರೆದಿದ್ದರು. ಆ ವಾರ ಅವನ ವೀರ್ಯ ಪರೀಕ್ಷೆ ಮಾಡಿಸಿದೆ, ಕೆಲವು ನೂರು ರೂಪಾಯಿಯ ಪರೀಕ್ಷೆ. ಒಂದು ವೀರ್ಯಾಣುವೂ ಇರಲಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯಿಂದಲೂ ತೊಂದರೆ ಇರುತ್ತದೆ, ಆತನೊಬ್ಬನದೇ ಇರಬಹುದು ಅಥವಾ ಇಬ್ಬರದೂ ಇರಬಹುದು. ಅವಳ ಹೊಟ್ಟೆಗೆ ಮೂರು ತೂತು ಹಾಕುವ ಮೊದಲು ಯಾರೂ ಅವನ ಕೈಗೆ ಒಂದು ಡಬ್ಬಿ ಕೊಟ್ಟಿರಲಿಲ್ಲ.

ಹಾಗಾದರೆ ಏನು ಹೇಳಬೇಕು? ನಾನು ಈಗ ಮಾಡುವುದು ಇಷ್ಟು. ಒಂದೇ ಹೆಸರು ಹೇಳುವುದಿಲ್ಲ, ಎರಡು ಮೂರು ಹೇಳುತ್ತೇನೆ, ಅದರಲ್ಲಿ ಒಂದಾದರೂ ಮೆಡಿಕಲ್ ಕಾಲೇಜಿನದ್ದು. ಹೇಳುವಾಗ ನನ್ನ ಸಂಬಂಧವನ್ನೂ ಹೇಳುತ್ತೇನೆ, "ಈ ಡಾಕ್ಟರ್ ನನ್ನ ಕ್ಲಾಸ್‌ಮೇಟು, ಅದಕ್ಕೆ ಪರಿಚಯ, ಮಿಕ್ಕವರಿಗಿಂತ ಒಳ್ಳೆಯವರು ಅಂತ ನನಗೆ ಗೊತ್ತಿಲ್ಲ." ನೀವು ಹೇಳಬೇಕಾದದ್ದು: "ನನಗೆ ಇಲ್ಲಿ ಆಯಿತು. ನಾನೊಬ್ಬಳು. ಕಳಿಸಿದರೆ ದುಡ್ಡು ಕೊಡ್ತೀವಿ ಅಂದಿದ್ದರು, ಬೇಡ ಅಂದೆ." ಇದನ್ನು ಜೋರಾಗಿ ಹೇಳೋಕೆ ನಾಲಿಗೆ ಏಳದಿದ್ದರೆ, ಆ ಹೆಸರು ಹೇಳುವ ಕೆಲಸವನ್ನೇ ಬಿಡಿ.

ಹೆಸರು ಹೇಳುವ ಮೊದಲು ಒಂದು ಕೆಲಸ ಫೋನಿನಲ್ಲೇ ಮಾಡಬಹುದು. ಎಆರ್‌ಟಿ ಕಾಯ್ದೆ ಬಂದ ಮೇಲೆ ಪ್ರತಿ ಸೆಂಟರೂ ನೋಂದಣಿ ಆಗಲೇಬೇಕು. ಕೇಂದ್ರ ಸರ್ಕಾರದ ಎಆರ್‌ಟಿ ಮತ್ತು ಸರೊಗಸಿ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಪಟ್ಟಿ ಇದೆ. ಲೆವೆಲ್ 1 ಅಂದರೆ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಮಾತ್ರ, ಲೆವೆಲ್ 2 ಅಂದರೆ ಐವಿಎಫ್ ಮಾಡಬಹುದು. ಲೆವೆಲ್ 1 ಬೋರ್ಡು ಹಾಕಿಕೊಂಡು ಐವಿಎಫ್ ಪ್ಯಾಕೇಜ್ ಮಾತಾಡುವವರು ಮುಂದೆ ಎಲ್ಲಿಗೆ ಕಳಿಸುತ್ತಾರೆ ಅಂತ ಕೇಳಿ. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅವಳಿ ಮಕ್ಕಳಾದರೆ ಇರುವ ಅಪಾಯ, ದತ್ತು ತಗೊಳ್ಳುವ ದಾರಿ, ಇದೆಲ್ಲವನ್ನೂ ದಂಪತಿಗೆ ವಿವರಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಕನ್ನಡದಲ್ಲೋ ತೆಲುಗಿನಲ್ಲೋ ಅರ್ಥವಾಗುವ ಹಾಗೆ ವಿವರಿಸಲಿಲ್ಲ ಅಂದರೆ ಎದ್ದು ಬರಬಹುದು.

ದೂರವನ್ನೂ ಲೆಕ್ಕಕ್ಕೆ ತಗೊಳ್ಳಿ, ಇದನ್ನು ಯಾರೂ ಹೇಳುವುದಿಲ್ಲ. ಇಂಜೆಕ್ಷನ್ ಹತ್ತು ಹನ್ನೆರಡು ದಿನ, ನಡುವೆ ಎರಡು ಮೂರು ದಿನಕ್ಕೊಂದು ಸ್ಕ್ಯಾನ್. ಮುಂಜಾನೆ ಬಸ್ಸಿಗೆ ಹೊರಟರೆ ಹೆಬ್ಬಾಳದ ಹತ್ತಿರದ ಸೆಂಟರ್ ಬೇರೆ, ಜಯನಗರದ ಸೆಂಟರ್ ಬೇರೆ. ಮನೆಯಲ್ಲಿ ರೇಷ್ಮೆ ಹುಳು ಮೇಯುತ್ತಿರುವಾಗ ವಾರಕ್ಕೆ ಮೂರು ದಿನ ಬೆಂಗಳೂರಿಗೆ ಹೋಗೋಕೆ ಆಗುತ್ತದಾ ಅಂತ ಅವರೇ ಯೋಚಿಸಲಿ.

ಮತ್ತೆ ಒಂದು ನೋಟ್‌ಬುಕ್ ಇಡಿ. ಕಳಿಸಿದವರ ಹೆಸರು, ವಯಸ್ಸು, ಎಲ್ಲಿಗೆ ಹೋದರು, ಏನಾಯಿತು, ಎಷ್ಟು ಖರ್ಚಾಯಿತು. ಆರು ತಿಂಗಳಿಗೊಮ್ಮೆ ನೀವೇ ಫೋನ್ ಮಾಡಿ. ಆ ಆರು ಮನೆಯಿಂದ ಶುರು ಮಾಡಿ. ಕೆಲವರು ಮಾತಾಡಲಿಕ್ಕಿಲ್ಲ, ಕೆಲವರು ಅಳಬಹುದು. ನನಗೆ ಆ ಹದಿನೇಳು ಫೋನು ಮಾಡೋಕೆ ಮೂರು ವಾರ ಹಿಡಿಯಿತು.

ಸೋಮವಾರದ ಹುಡುಗಿಗೆ ಯಾವ ಸೆಂಟರಿನ ಹೆಸರೂ ಹೇಳಬೇಡಿ. 28 ವರ್ಷ, ಎರಡು ವರ್ಷದ ಮದುವೆ. ಒಂದು ವರ್ಷ ದಾಟಿದೆ ಅಂದಮೇಲೆ ಪರೀಕ್ಷೆ ಮಾಡಿಸಬೇಕಾದದ್ದೇ, ಆದರೆ ಐವಿಎಫ್ ಇನ್ನೂ ದೂರದ ಮಾತು. ಮೊದಲು ಮುಟ್ಟಿನ ತಾರೀಖು ಕೇಳಿ, ತಿಂಗಳು ತಿಂಗಳು ಸರಿಯಾಗಿ ಆಗುತ್ತದಾ ಅಂತ. ಆಮೇಲೆ ಇನ್ನೊಂದು ಕೇಳಿ, ಸಂಕೋಚ ಬೇಡ: ಗಂಡ ಎಲ್ಲಿರುತ್ತಾನೆ? ನಮ್ಮ ಕಡೆ ಎಷ್ಟೋ ಹುಡುಗರು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾ ಭಾನುವಾರ ಮಾತ್ರ ಮನೆಗೆ ಬರುತ್ತಾರೆ. ಗರ್ಭ ನಿಲ್ಲೋಕೆ ತಿಂಗಳಲ್ಲಿ ಸಿಗುವುದು ಸುಮಾರು ಆರು ದಿನ, ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನ. ಆ ಆರು ದಿನದಲ್ಲಿ ಭಾನುವಾರ ಬೀಳದಿದ್ದರೆ ಎರಡು ವರ್ಷದ ಮದುವೆ ಕ್ಯಾಲೆಂಡರಿನಲ್ಲಿ ಮಾತ್ರ. ಅವನು ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕದಲ್ಲಿ ಕುದಿಯುವ ನೀರಿನ ಪಕ್ಕ ದಿನವಿಡೀ ಕೂರುವವನಾ? ಬೀಡಿ, ಗುಟ್ಕಾ? ಜಿಮ್ಮಿನಲ್ಲಿ ಯಾರಾದರೂ ಟೆಸ್ಟೋಸ್ಟೆರಾನ್ ಚುಚ್ಚಿದ್ದಾರಾ? ಇವೆಲ್ಲ ವೀರ್ಯಾಣುವಿಗೆ ಏಟು ಕೊಡಬಲ್ಲವು, ಟೆಸ್ಟೋಸ್ಟೆರಾನ್ ಅಂತೂ ಉತ್ಪಾದನೆಯನ್ನೇ ನಿಲ್ಲಿಸಿಬಿಡಬಹುದು.

ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಲಿ. ಥೈರಾಯ್ಡ್ ಪರೀಕ್ಷೆ, ಒಂದು ಸ್ಕ್ಯಾನ್ ಜಿಲ್ಲಾ ಆಸ್ಪತ್ರೆಯಲ್ಲೇ ಆಗಲಿ. ಟ್ಯೂಬ್ ಪರೀಕ್ಷೆ ಆಮೇಲೆ, ಅವನ ವರದಿ ಬಂದ ಮೇಲೆ. ವೀರ್ಯ ಪರೀಕ್ಷೆಗೆ ಎರಡರಿಂದ ಏಳು ದಿನ ದೂರವಿದ್ದು ಹೋಗಬೇಕು. ಮೊದಲ ವರದಿ ಸರಿಯಿಲ್ಲ ಅಂದರೆ ಗಾಬರಿ ಬೇಡ, ಇತ್ತೀಚೆಗೆ ಜೋರು ಜ್ವರ ಬಂದಿದ್ದರೂ ಕಡಿಮೆ ಬರುತ್ತದೆ. ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಲಿ.

ಹುಡುಗಿ ಒಬ್ಬಳೇ ಬರುವ ಹಾಗೆ ಕಾಣುತ್ತದೆ. ಸೋಮವಾರ ಗಂಡನನ್ನೂ ಕರೆದುಕೊಂಡು ಬಾ ಅಂತ ಇವತ್ತೇ ಫೋನ್ ಮಾಡಿ ಹೇಳಿಬಿಡಿ. ಅವನಿಗೆ ಸೋಮವಾರ ಆಗಲ್ಲ ಅಂದರೆ, ಅವನಿಗೆ ಆಗುವ ದಿನವೇ ಇಟ್ಟುಕೊಳ್ಳಿ.